ಪಿನ್ ಹೊಂದಿತು, ರೂಟರ್ ಸುಟ್ಟಿತು: 12 ವೋಲ್ಟಿನ ಜಾಗಕ್ಕೆ 24 ವೋಲ್ಟ್ ಕೊಟ್ಟ ಮೇಲಿನ ರಿಪೇರಿ ದಾಖಲೆ

ತುಮಕೂರಿನ ನಮ್ಮ ಮನೆಯ ವೈಫೈ ರೂಟರಿಗೆ ಜೂನ್ 7ರ ಶನಿವಾರ ರಾತ್ರಿ ನಾನೇ ಕೈಯಾರೆ 24 ವೋಲ್ಟಿನ ಅಡಾಪ್ಟರ್ ಚುಚ್ಚಿದೆ. ರೂಟರಿಗೆ ಬೇಕಾಗಿದ್ದುದು 12 ವೋಲ್ಟ್, 1 ಆಂಪಿಯರ್. ಅದನ್ನು ಮತ್ತೆ ಬದುಕಿಸಿ, ಅಡಾಪ್ಟರುಗಳ ಕೆಲಸವನ್ನೂ ಮುಗಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರಗಳಲ್ಲಿ ಮಾಡಿದ ಕೆಲಸವನ್ನೂ ಮಾಡಿದ ತಪ್ಪುಗಳನ್ನೂ ನಡೆದ ಕ್ರಮದಲ್ಲಿಯೇ ಇಲ್ಲಿ ಬರೆದಿಟ್ಟಿದ್ದೇನೆ.

ಹಿನ್ನೆಲೆ: ಮೇ ತಿಂಗಳ ಮೂರು ವಾರ

ರೂಟರ್ ಪ್ರತಿದಿನ ಸಂಜೆ ಏಳರಿಂದ ಹತ್ತರ ನಡುವೆ ತಾನಾಗಿಯೇ ಆರಿ ಹತ್ತುತ್ತಿತ್ತು. ಮನೆಯವರೆಲ್ಲ ಒಟ್ಟಿಗೆ ವಿಡಿಯೋ ನೋಡುವ ಹೊತ್ತು ಅದು. ಇಂಟರ್ನೆಟ್ ಕಂಪನಿಯ ಹುಡುಗ ಬಂದು ಫೈಬರ್ ಪರೀಕ್ಷಿಸಿ, ಲೈನಿನಲ್ಲಿ ದೋಷವಿಲ್ಲವೆಂದು ಹೇಳಿ ಹೋದ. ನಾನು ಅಡಾಪ್ಟರಿನ ಪಿನ್ನಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಹಿಡಿದೆ. 12.1 ವೋಲ್ಟ್ ತೋರಿಸಿತು. ಅಡಾಪ್ಟರ್ ಸರಿಯಾಗಿದೆ ಎಂದು ತೀರ್ಮಾನಿಸಿ ರೂಟರಿನ ಸಾಫ್ಟ್‌ವೇರನ್ನು ಎರಡು ಬಾರಿ ಹೊಸದಾಗಿ ಹಾಕಿದೆ, ವೈಫೈ ಚಾನೆಲ್ ಬದಲಿಸಿದೆ, ರೂಟರನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬಳಿ ಗಾಳಿಯಾಡುವಂತೆ ಇಟ್ಟೆ. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ.

ಇದು ಮೊದಲನೆಯ ತಪ್ಪು. ಮುಂದಿನದ್ದೆಲ್ಲ ಇದರಿಂದಲೇ ಹುಟ್ಟಿತು. ಯಾವ ಹೊರೆಯೂ (ಅಂದರೆ ಕರೆಂಟ್ ಎಳೆಯುವ ವಸ್ತುವೂ) ಇಲ್ಲದೆ ಅಳೆದಾಗ ಹಾಳಾದ ಅಡಾಪ್ಟರ್ ಕೂಡ ಹಲವು ಸಲ ಸರಿಯಾದ ವೋಲ್ಟನ್ನೇ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ತೀರ ಅಲ್ಪ. ರೂಟರ್ ಎಳೆಯುವುದು ಅದರ ಸಾವಿರಾರು ಪಟ್ಟು.

ಜೂನ್ 7, ಶನಿವಾರ ರಾತ್ರಿ

ಹಳೆಯ ಅಡಾಪ್ಟರ್ ಪೂರ್ತಿ ಕೈಕೊಟ್ಟಿತು. ರೂಟರಿನ ದೀಪ ಮಂಕಾಗಿ ಮಿಣುಕುತ್ತಿತ್ತು. ಮನೆಯಲ್ಲಿ ಹಳೆಯ ಅಡಾಪ್ಟರುಗಳನ್ನೆಲ್ಲ ಹಾಕಿಡುವ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರಿಂದ ಒಂದು ಕಪ್ಪು ಅಡಾಪ್ಟರ್ ತೆಗೆದು ಪಿನ್ನನ್ನು ರೂಟರಿಗೆ ಸೇರಿಸಿ ನೋಡಿದೆ. ಸಡಿಲವಿಲ್ಲದೆ ಗಟ್ಟಿಯಾಗಿ ಕೂತಿತು. ಸ್ವಿಚ್ ಹಾಕಿದೆ. ‘ಟಪ್’ ಎಂಬ ಸಣ್ಣ ಸದ್ದಾಯಿತು. ಬಳಿಕ ಅಡಾಪ್ಟರಿನೊಳಗಿನಿಂದ ಗಡಿಯಾರದಂತೆ ಟಿಕ್ ಟಿಕ್ ಸದ್ದು ಬರತೊಡಗಿತು, ಅದರ ಹಸಿರು ದೀಪವೂ ಅದೇ ತಾಳದಲ್ಲಿ ಹತ್ತಿ ಆರುತ್ತಿತ್ತು. ಪಕ್ಕದ ಕೋಣೆಯಿಂದ ಅಮ್ಮ, ‘ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ’ ಎಂದು ಕೂಗುವ ಹೊತ್ತಿಗೆ ಸ್ವಿಚ್ ಆರಿಸಿದ್ದೆ. ಎಲ್ಲ ಸೇರಿ ನಾಲ್ಕೈದು ಸೆಕೆಂಡು ಆಗಿರಬಹುದು.

ಕಪ್ಪು ಅಡಾಪ್ಟರ್ ಅಡುಗೆಮನೆಯ ಆರ್‌ಒ ನೀರಿನ ಯಂತ್ರದ್ದು. ಹಿಂದಿನ ವರ್ಷ ಸರ್ವಿಸಿನವರು ಯಂತ್ರದ ಬೋರ್ಡಿನೊಡನೆ ಅಡಾಪ್ಟರನ್ನೂ ಬದಲಿಸಿದ್ದರು. ಹಳೆಯದು ಚೆನ್ನಾಗಿದೆಯೆಂದು ನಾನೇ ಎತ್ತಿಟ್ಟಿದ್ದೆ. ಆರ್‌ಒ ಯಂತ್ರದ ಪಂಪು 24 ವೋಲ್ಟಿನದು. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಚೀಟಿಯ ಮೇಲೆ ಬಿಳಿ ಪದರವಾಗಿ ಕೂತು, ಔಟ್‌ಪುಟ್ ಎಂದು ಬರೆದಿದ್ದ ಸಾಲು ಮುಚ್ಚಿಹೋಗಿತ್ತು. ಉಗುರಿನಿಂದ ಕೆರೆದಾಗ ‘24 ವೋಲ್ಟ್, 2.5 ಆಂಪಿಯರ್’ ಎಂದು ಕಾಣಿಸಿತು. ಕೆರೆಯುವ ಆ ಕೆಲಸವನ್ನು ಸ್ವಿಚ್ ಹಾಕುವ ಮೊದಲು ಮಾಡಿದ್ದರೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ವರ್ನಿಯರ್‌ನಿಂದ ಎರಡೂ ಪಿನ್ನುಗಳನ್ನು ಅಳೆದೆ: ಹೊರಗೆ 5.5 ಮಿಲಿಮೀಟರ್, ಒಳಗೆ 2.1 ಮಿಲಿಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇದೇ ಅಳತೆಯ ಪಿನ್ 5, 9, 12, 24 ವೋಲ್ಟಿನ ಅಡಾಪ್ಟರುಗಳೆಲ್ಲದರಲ್ಲಿಯೂ ಬರುತ್ತದೆ. ಹೀಗಾಗಿ ಪಿನ್ ಕೂತಿತೆಂಬುದರಿಂದ ಏನೂ ತಿಳಿಯುವುದಿಲ್ಲ.

ಜೂನ್ 8, ಭಾನುವಾರ: ಬಿಚ್ಚಿದ್ದು

ರೂಟರಿನ ಯುಎಸ್‌ಬಿ ಕಿಂಡಿಯಲ್ಲಿ 32 ಜಿಬಿಯ ಪೆನ್‌ಡ್ರೈವ್ ಇತ್ತು. ಅದರಲ್ಲಿ ಅಮ್ಮನ ಭಜನಾ ಮಂಡಳಿಯ ಧ್ವನಿಮುದ್ರಣಗಳಿದ್ದವು. ಮುಚ್ಚಳ ತೆಗೆಯಬೇಕಾದರೆ ಅದನ್ನು ಕಿತ್ತಿಡಬೇಕಿತ್ತು. ಕಿತ್ತ ಕೈಯಲ್ಲಿಯೇ, ಇದು ಉಳಿದಿದೆಯೇ ನೋಡೋಣವೆಂದು ಲ್ಯಾಪ್‌ಟಾಪಿಗೆ ಚುಚ್ಚಿದೆ. ಯುಎಸ್‌ಬಿ ಕಿಂಡಿ ಮಿತಿಗಿಂತ ಹೆಚ್ಚು ಕರೆಂಟ್ ಎಳೆಯುತ್ತಿದೆಯೆಂಬ ಎಚ್ಚರಿಕೆ ತೆರೆಯ ಮೇಲೆ ಮೂಡಿತು. ತಕ್ಷಣ ಕಿತ್ತೆ. ಲ್ಯಾಪ್‌ಟಾಪಿನ ರಕ್ಷಣಾ ವ್ಯವಸ್ಥೆ ಆ ಕಿಂಡಿಯನ್ನು ಆರಿಸಿದ್ದರಿಂದ ಬಚಾವಾದೆ. ಬಳಿಕ ಮೀಟರಿನಲ್ಲಿ ನೋಡಿದರೆ ಪೆನ್‌ಡ್ರೈವಿನ ವಿದ್ಯುತ್ ಕಾಲಿಗೂ ಗ್ರೌಂಡಿಗೂ (ಕರೆಂಟ್ ಮರಳುವ ಮೈನಸ್ ಕಡೆಗೂ) ನಡುವೆ 2 ಓಮ್ ಮಾತ್ರ. ಅಂದರೆ ಒಳಗೆ ಪೂರ್ತಿ ಶಾರ್ಟ್, ಕರೆಂಟಿಗೆ ತಡೆಯೇ ಇಲ್ಲದಂತೆ. ಮೊದಲು ಅಳೆದು ಆಮೇಲೆ ಚುಚ್ಚಬೇಕಾದದ್ದನ್ನು ನಾನು ತಿರುಗಮುರುಗ ಮಾಡಿದ್ದೆ. ಒಂದು ಸುಟ್ಟ ವಸ್ತುವಿನಿಂದ ಎರಡನೆಯದನ್ನೂ ಸುಡಿಸಿಕೊಳ್ಳುವ ದಾರಿ ಇದೇ.

ಮುಚ್ಚಳ ತೆಗೆದಾಗ ಬರಿಗಣ್ಣಿಗೆ ಕಂಡದ್ದು ಒಂದೇ: ಪಿನ್ ಬಂದು ಸೇರುವ ಜಾಗದ ಪಕ್ಕದಲ್ಲಿದ್ದ 220 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರಿನ (ವಿದ್ಯುತ್ತನ್ನು ಹಿಡಿದಿಟ್ಟು ವೋಲ್ಟನ್ನು ಸಮವಾಗಿಡುವ ಬಿಡಿಭಾಗದ) ತಲೆ ಉಬ್ಬಿ, ಬುಡ ಒದ್ದೆಯಾಗಿತ್ತು. 16 ವೋಲ್ಟಿನ ಡಬ್ಬಕ್ಕೆ 24 ವೋಲ್ಟ್ ತುಂಬಿದರೆ ಹೀಗಾಗುವ ಸಾಧ್ಯತೆಯೇ ಹೆಚ್ಚು. ಆಮೇಲೆ ವಾಚ್ ರಿಪೇರಿಯವರ ಭೂತಗನ್ನಡಿ ಹಾಕಿಕೊಂಡು ಬೋರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದೆ. ‘ಯು3’ ಎಂದು ಗುರುತಿಸಿದ್ದ ಎಂಟು ಕಾಲಿನ ಐಸಿಯ (ಪುಟ್ಟ ಕಪ್ಪು ಚಿಪ್‌ನ) ಬೆನ್ನಿನ ಮೇಲೆ ರಾಗಿ ಕಾಳಿಗಿಂತಲೂ ಚಿಕ್ಕದೊಂದು ಗುಳಿ, ಅದರ ಸುತ್ತ ಕಂದು ಬಣ್ಣದ ಉಂಗುರ, ಪಕ್ಕದಲ್ಲಿ ಸಿಡಿದು ಬಿದ್ದ ಕರಿಪುಡಿಯ ಒಂದೆರಡು ಕಣಗಳು. ಗುಳಿ ಬಿದ್ದದ್ದು ಅಕ್ಷರಗಳ ಅಂಚಿಗಾದುದರಿಂದ ಹೆಸರು ಓದಲು ಸಿಕ್ಕಿತು: ಎಂಪಿ 1482. ಹನ್ನೆರಡು ವೋಲ್ಟನ್ನು ಇಳಿಸಿ ಬೋರ್ಡಿಗೆ 3.3 ವೋಲ್ಟ್ ಕೊಡುವ ಐಸಿ ಇದು. ಇದರ ಕೆಲಸದ ಮಿತಿ 4.75ರಿಂದ 18 ವೋಲ್ಟ್. 20ರ ಮೇಲೆ ಹೋದರೆ ಉಳಿಯುವ ಭರವಸೆಯನ್ನು ತಯಾರಕರೇ ಕೊಡುವುದಿಲ್ಲ. ಯುಎಸ್‌ಬಿ ಕಿಂಡಿಗೆ 5 ವೋಲ್ಟ್ ಕೊಡುವ ‘ಯು7’ ಕೂಡ ಇದೇ ಐಸಿ. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ.

ಮೀಟರಿನ ಅಳತೆಗಳು ಹೀಗಿದ್ದವು. 12 ವೋಲ್ಟಿನ ಮಾರ್ಗದಿಂದ ಗ್ರೌಂಡಿಗೆ 0.7 ಓಮ್. 3.3 ವೋಲ್ಟಿನ ಮಾರ್ಗದಿಂದ ಗ್ರೌಂಡಿಗೆ 180 ಓಮ್. ಇದು ಶಾರ್ಟ್ ಅಲ್ಲ, ಹಾಗಾಗಿ ರೂಟರನ್ನು ನಡೆಸುವ ಮುಖ್ಯ ಚಿಪ್ ಬದುಕಿರಬಹುದೆಂಬ ಆಸೆ ಉಳಿಯಿತು. ಯು7ರ ಎರಡನೆಯ ಮತ್ತು ಮೂರನೆಯ ಕಾಲುಗಳ ನಡುವೆ ಸೊನ್ನೆ. ಅಂದರೆ ನೋಡಲು ನೆಟ್ಟಗಿದ್ದ ಯು7ರ ಒಳಗೆ ಒಳಬರುವ ಕಾಲೂ ಹೊರಹೋಗುವ ಕಾಲೂ ಬೆಸೆದುಕೊಂಡು, 24 ವೋಲ್ಟ್ ಇಳಿಯದೆ ಹಾಗೆಯೇ ಪೆನ್‌ಡ್ರೈವಿಗೆ ನುಗ್ಗಿತ್ತು. ಗುಳಿ ಬಿದ್ದ ಯು3 ತನ್ನನ್ನೇ ಗ್ರೌಂಡಿಗೆ ಶಾರ್ಟ್ ಮಾಡಿಕೊಂಡು ಸತ್ತದ್ದರಿಂದ ಅದರ ಹಿಂದಿದ್ದ ಚಿಪ್‌ಗೆ ಪೆಟ್ಟು ತಲುಪಿರಲಿಲ್ಲ. ಒಂದೇ ಬೋರ್ಡು, ಒಂದೇ ಐಸಿ, ಒಂದೇ ಕ್ಷಣ. ಸತ್ತ ರೀತಿ ಮಾತ್ರ ಬೇರೆ ಬೇರೆ. ತಪ್ಪು ಅಡಾಪ್ಟರ್ ಹಾಕಿದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದನ್ನು ಮೊದಲೇ ಹೇಳಲು ಬಾರದಿರುವುದು ಇದರಿಂದಲೇ.

ಜೂನ್ 10, ಮಂಗಳವಾರ: ಬದುಕಿದೆಯೇ ಎಂಬ ಪರೀಕ್ಷೆ

ಬೆಸುಗೆ ಕರಗಿಸುವ ಬಿಸಿಗಾಳಿಯ ಯಂತ್ರ ‘ಹಾಟ್ ಏರ್’ ಅನ್ನು 350 ಡಿಗ್ರಿಗೆ ಇಟ್ಟು ಯು3, ಯು7 ಎರಡನ್ನೂ ಎತ್ತಿದೆ. 12 ವೋಲ್ಟಿನ ಮಾರ್ಗದ ಶಾರ್ಟ್ ಹೋಯಿತು. ಹೊಸ ಐಸಿಗೆ ಹಣ ಹಾಕುವ ಮೊದಲು ಮುಖ್ಯ ಚಿಪ್ ಬದುಕಿದೆಯೇ ಎಂದು ತಿಳಿಯಬೇಕಿತ್ತು. ಅದಕ್ಕಾಗಿ ಮೇಜಿನ ಮೇಲಿನ ವೇರಿಯಬಲ್ ಪವರ್ ಸಪ್ಲೈಯಲ್ಲಿ 3.3 ವೋಲ್ಟ್ ಇಟ್ಟು, ಕರೆಂಟಿನ ಮಿತಿಯನ್ನು 0.3 ಆಂಪಿಯರಿಗೆ ಕಟ್ಟಿ, ಎರಡು ತಂತಿಗಳನ್ನು ನೇರವಾಗಿ 3.3 ವೋಲ್ಟಿನ ಮಾರ್ಗದ ಕೆಪಾಸಿಟರಿಗೆ ಬೆಸೆದೆ.

ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಚಿಪ್ ಅರ್ಧ ಸತ್ತಿದೆಯೆಂದುಕೊಂಡು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಆಮೇಲೆ ನೋಡಿದರೆ ಸಪ್ಲೈಯ ಮಿತಿಯ ಕೆಂಪು ದೀಪ ಉರಿಯುತ್ತಿತ್ತು. ಚಿಪ್ ಎದ್ದೇಳಲು ಬೇಕಾದ ಕರೆಂಟನ್ನು ನಾನೇ ಕೊಡದೆ ತಡೆದಿದ್ದೆ. ಮಿತಿಯನ್ನು 1 ಆಂಪಿಯರಿಗೆ ಏರಿಸಿದೆ. ಒಂದೂವರೆ ನಿಮಿಷದಲ್ಲಿ ಫೋನಿನಲ್ಲಿ ನಮ್ಮ ಮನೆಯ ವೈಫೈ ಹೆಸರು ಕಾಣಿಸಿತು. ಮೀಟರ್ 0.46 ಆಂಪಿಯರ್ ತೋರಿಸುತ್ತಿತ್ತು. ಮೇ ತಿಂಗಳಿಡೀ ರೂಟರ್ ಅನುಭವಿಸಿದ್ದು ಇದನ್ನೇ ಎಂಬುದು ಆಗ ಹೊಳೆಯಿತು: ಶಕ್ತಿ ಸಾಲದ ಅಡಾಪ್ಟರ್ ರೂಟರನ್ನು ಸುಟ್ಟಿರಲಿಲ್ಲ, ಮತ್ತೆ ಮತ್ತೆ ಬೀಳಿಸಿ ಏಳಿಸುತ್ತಿತ್ತು.

ಜೂನ್ 14, ಶನಿವಾರ: ಎಸ್.ಪಿ. ರಸ್ತೆ

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಈ ರಸ್ತೆಗೆ ಹೋದೆ. ಮೂರನೆಯ ಅಂಗಡಿಯಲ್ಲಿ ಎಂಪಿ 1482 ಸಿಕ್ಕಿತು, ಒಂದಕ್ಕೆ ₹30ರಂತೆ ಮೂರು ಕೊಂಡೆ. 220 ಮೈಕ್ರೋಫ್ಯಾರಡ್, 25 ವೋಲ್ಟಿನ ಎರಡು ಕೆಪಾಸಿಟರ್ ₹10. 1000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿಯ ಎರಡು ₹40. ಅಂಗಡಿಯವರು ‘ಅಡಾಪ್ಟರಿಗೆ ಅಂದ್ರೆ ಲೋ ಇಎಸ್‌ಆರ್ ತಗೊಳ್ಳಿ ಸಾರ್, ಮಾಮೂಲಿದು ನಿಲ್ಲಲ್ಲ’ ಎಂದು ತಾವಾಗಿಯೇ ಹೇಳಿದರು. ಲೋ ಇಎಸ್‌ಆರ್ ಎಂದರೆ ಒಳಗಿನ ತಡೆ ಕಡಿಮೆಯಿದ್ದು ಬೇಗ ಬಿಸಿಯಾಗದ ಕೆಪಾಸಿಟರ್. ಅಷ್ಟರಲ್ಲಿ ಮಾಮೂಲಿ ಕೆಪಾಸಿಟರ್ ಹಾಕಿ ಪೆಟ್ಟು ತಿಂದಾಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಜೂನ್ 15, ಭಾನುವಾರ: ಬೆಸುಗೆ

ಹೊಸ ಯು3ನ್ನು ಕೂರಿಸಿ ಉಬ್ಬಿದ ಕೆಪಾಸಿಟರಿನ ಜಾಗಕ್ಕೆ 25 ವೋಲ್ಟಿನದನ್ನು ಹಾಕಿದೆ. ಯು7ರ ಜಾಗವನ್ನು ಖಾಲಿ ಬಿಟ್ಟೆ. ಯುಎಸ್‌ಬಿ ಕಿಂಡಿ ಇನ್ನು ನಮಗೆ ಬೇಕಿರಲಿಲ್ಲ. ಸ್ವಿಚ್ ಹಾಕುವ ಮುನ್ನ ಮಾಡಿದ ಒಂದು ಕೆಲಸ ಮಾತ್ರ ಈ ಇಡೀ ದಾಖಲೆಯಲ್ಲಿ ನಾನು ಬುದ್ಧಿ ಉಪಯೋಗಿಸಿ ಮಾಡಿದ್ದು. 3.3 ವೋಲ್ಟಿನ ಮಾರ್ಗ ಚಿಪ್‌ನ ಕಡೆಗೆ ಹೋಗುವಲ್ಲಿ ಸೊನ್ನೆ ಓಮಿನ (ತಡೆಯೇ ಇಲ್ಲದ) ಒಂದು ಕೊಂಡಿಯಿತ್ತು. ಅದನ್ನು ಎತ್ತಿ, ಐಸಿಯಿಂದ ಹೊರಬರುವ ವೋಲ್ಟನ್ನು ಅಳೆಯದೆ ಚಿಪ್‌ಗೆ ತಲುಪಿಸುವುದಿಲ್ಲವೆಂದು ನಿಶ್ಚಯಿಸಿದೆ.

12 ವೋಲ್ಟ್ ಕೊಟ್ಟಾಗ 3.3 ಬರಬೇಕಾದಲ್ಲಿ 0.92 ಬಂತು. ಐಸಿ ನಕಲಿಯೆಂದು ಅಂಗಡಿಯವರನ್ನು ಮನಸ್ಸಿನಲ್ಲಿಯೇ ಬೈದು ಎರಡನೆಯದನ್ನು ಹಾಕಿದೆ. ಆಗಲೂ 0.92. ಈ ಐಸಿ ತನ್ನ ಐದನೆಯ ಕಾಲಿನಲ್ಲಿ 0.923 ವೋಲ್ಟ್ ಇರುವಂತೆ ಹೊರಗಿನ ವೋಲ್ಟನ್ನು ಹೊಂದಿಸಿಕೊಳ್ಳುತ್ತದೆ. ಹೊರಗೆ ಎಷ್ಟು ಬರಬೇಕೆಂಬುದನ್ನು ಕರೆಂಟಿಗೆ ತಡೆಯೊಡ್ಡುವ ಎರಡು ರೆಸಿಸ್ಟರುಗಳು ನಿರ್ಧರಿಸುತ್ತವೆ: ಒಂದು ಮೇಲೆ, ವೋಲ್ಟ್ ಹೊರಬರುವ ಕಡೆ; ಇನ್ನೊಂದು ಗ್ರೌಂಡಿನ ಕಡೆ. ಬಂದಿರುವುದೂ ಅದೇ 0.92 ಎಂದಾದರೆ ಗ್ರೌಂಡಿನ ಕಡೆಯ ರೆಸಿಸ್ಟರ್ ಅಲ್ಲಿಲ್ಲವೆಂದರ್ಥ. ಭೂತಗನ್ನಡಿಯಲ್ಲಿ ನೋಡಿದೆ, ಇರಲಿಲ್ಲ. ಮಂಗಳವಾರ ಹಾಟ್ ಏರಿನ ಗಾಳಿಗೆ ಹಾರಿಹೋಗಿತ್ತು. ಸಾಸಿವೆ ಕಾಳಿಗಿಂತ ಚಿಕ್ಕದಾದ ಅದನ್ನು ಮೇಜಿನ ಮೇಲೆ ಹುಡುಕುವುದು ಆಗದ ಮಾತು. ಹಾಳಾದ ಸೆಟ್‌ಟಾಪ್ ಬಾಕ್ಸಿನ ಬೋರ್ಡಿನಿಂದ 10 ಕಿಲೋ ಓಮಿನದೊಂದನ್ನು ಕಿತ್ತೆ. ಗಾತ್ರ ದೊಡ್ಡದಾದ್ದರಿಂದ ಓರೆಯಾಗಿ ನಿಲ್ಲಿಸಿ ಬೆಸೆಯಬೇಕಾಯಿತು. 3.31 ವೋಲ್ಟ್ ಬಂತು.

ಹಾರಿಹೋದದ್ದು ಮೇಲಿನ ಕಡೆಯ ರೆಸಿಸ್ಟರ್ ಆಗಿದ್ದರೆ 0.92ರ ಬದಲು ಹೆಚ್ಚುಕಡಿಮೆ 12 ವೋಲ್ಟೇ ಹೊರಬರುತ್ತಿತ್ತು. ಕೊಂಡಿ ಎತ್ತದೆ ಹೋಗಿದ್ದರೆ, 24 ವೋಲ್ಟಿನಿಂದ ತಪ್ಪಿಸಿಕೊಂಡ ಚಿಪ್ ನನ್ನ ರಿಪೇರಿಯಿಂದ ಸಾಯುತ್ತಿತ್ತು. ಕೊಂಡಿಯನ್ನು ಮರಳಿ ಬೆಸೆದೆ. ರೂಟರ್ ಎದ್ದಿತು.

ಹಳೆಯ ಅಡಾಪ್ಟರಿನ ಕಥೆ: ಜೂನ್ 11ರಿಂದ 18

ಈ ನಡುವೆ, ಎಲ್ಲಕ್ಕೂ ಮೂಲವಾದ 12 ವೋಲ್ಟಿನ ಹಳೆಯ ಅಡಾಪ್ಟರನ್ನೂ ಬಿಚ್ಚಿದ್ದೆ. ಅದಕ್ಕಿಂತ ಮೊದಲು ಮೇ ತಿಂಗಳಲ್ಲಿ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದೆ: ಬೈಕಿನ ಇಂಡಿಕೇಟರಿನ 12 ವೋಲ್ಟ್, 10 ವ್ಯಾಟಿನ ಬಲ್ಬನ್ನು ಪಿನ್ನಿಗೆ ಸೇರಿಸಿ ಅಳೆದೆ. ಬಲ್ಬಿಲ್ಲದೆ 11.8 ವೋಲ್ಟ್, ಬಲ್ಬ್ ಹತ್ತಿಸಿದಾಗ 7.4. ಅದೇ ಸ್ಥಿತಿಯಲ್ಲಿ ಮೀಟರನ್ನು ಎಸಿಗೆ (ಏರಿಳಿಯುವ ವೋಲ್ಟಿಗೆ) ತಿರುಗಿಸಿದರೆ 1.6 ವೋಲ್ಟ್, ಡಿಸಿ (ಒಂದೇ ಸಮನಾದ ವೋಲ್ಟ್ ಕೊಡುವ) ಅಡಾಪ್ಟರಿನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ₹25ರ ಬಲ್ಬೊಂದು ನನ್ನ ಮೂರು ವಾರವನ್ನು ಉಳಿಸುತ್ತಿತ್ತು. (ಬಲ್ಬ್ ತಣ್ಣಗಿರುವಾಗ ಮೊದಲ ಕ್ಷಣ ಬಹಳ ಕರೆಂಟ್ ಎಳೆಯುವುದರಿಂದ ಒಳ್ಳೆಯ ಅಡಾಪ್ಟರ್ ಕೂಡ ಒಂದೆರಡು ಸಲ ಮಿಟುಕಿ ಆಮೇಲೆ ನಿಲ್ಲಬಹುದು. ಅದು ದೋಷವಲ್ಲ.)

ಇಲ್ಲಿ ಒಂದು ಎಚ್ಚರಿಕೆ. ಅಡಾಪ್ಟರಿನ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟ್ ಇರುವಾಗ ಸುಮಾರು 325 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತು ಐದು ನಿಮಿಷವಾದ ಮೇಲೂ ನನ್ನ ಮೀಟರ್ 140 ತೋರಿಸಿತು. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿನ ಕಾಲುಗಳನ್ನು ಇಕ್ಕುಳದಲ್ಲಿ ಹಿಡಿದು ಅದನ್ನು ಖಾಲಿ ಮಾಡಿ, ಮತ್ತೊಮ್ಮೆ ಅಳೆದು, ಆಮೇಲೆಯೇ ಕೈ ಹಾಕಿದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರನ್ನು ನೋಡಿದ್ದೇನೆ; ಅದರ ಕಿಡಿಗೆ ಬೋರ್ಡಿನ ತಾಮ್ರದ ಗೆರೆ ಎದ್ದುಬಂದದ್ದನ್ನೂ ನೋಡಿದ್ದೇನೆ.

ಔಟ್‌ಪುಟ್ ಕಡೆಯ 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಉಬ್ಬಿತ್ತು. ಹಳೆಯ ಟೇಪ್ ರೆಕಾರ್ಡರಿನಿಂದ ಕಿತ್ತಿಟ್ಟಿದ್ದ 85 ಡಿಗ್ರಿಯ ಮಾಮೂಲಿ ಕೆಪಾಸಿಟರನ್ನು ಆ ಜಾಗಕ್ಕೆ ಬೆಸೆದೆ. ವೋಲ್ಟ್ ಸರಿಯಾಯಿತು, ಆದರೆ ಎರಡು ದಿನ ಬಲ್ಬ್ ಉರಿಸಿಟ್ಟ ಮೇಲೆ ಬೆರಳಿಡಲಾಗದಷ್ಟು ಬಿಸಿಯಾಗಿ ಅದರ ತಲೆಯೂ ಎದ್ದಿತು. ಬೆಂಗಳೂರಿನಿಂದ ತಂದ 25 ವೋಲ್ಟಿನ ಲೋ ಇಎಸ್‌ಆರ್ ಕೆಪಾಸಿಟರ್ 5 ಮಿಲಿಮೀಟರ್ ಹೆಚ್ಚು ಎತ್ತರವಾಗಿ ಮುಚ್ಚಳ ಕೂಡಲಿಲ್ಲ. ಅಂಗಡಿಗೆ ಹೋಗುವ ಮುನ್ನ ಅಡಾಪ್ಟರಿನ ಡಬ್ಬದ ಎತ್ತರ ಅಳೆಯದೆ ಹೋದದ್ದು ನನ್ನದೇ ತಪ್ಪು. ಕೊನೆಗೆ ಅದನ್ನು ಅಡ್ಡ ಮಲಗಿಸಿ, ಕಾಲುಗಳಿಗೆ ಸ್ಲೀವ್ ತೊಡಿಸಿ ಬೆಸೆದೆ. ಬಲ್ಬಿನೊಡನೆ 11.9 ವೋಲ್ಟ್, ಎಸಿ 0.03. ಮುಚ್ಚಳ ಅಂಟಿಸಿದೆ.

ಜೂನ್ 22, ಭಾನುವಾರ: ಬಿಸ್ಕತ್ತಿನ ಡಬ್ಬಿ

ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಹದಿನಾಲ್ಕು ಅಡಾಪ್ಟರುಗಳಿದ್ದವು. ಪ್ರತಿಯೊಂದನ್ನೂ ಅಳೆದು ಪಿನ್ನಿನ ಬಳಿ ಬಿಳಿ ಟೇಪ್ ಸುತ್ತಿ ಬರೆದೆ. ಇಡೀ ಮಧ್ಯಾಹ್ನ ಹಿಡಿದ ಈ ಕೆಲಸ ರೂಟರಿನ ರಿಪೇರಿಗಿಂತ ಹೆಚ್ಚು ಕಲಿಸಿತು.

ಎರಡು ಅಡಾಪ್ಟರುಗಳಲ್ಲಿ ಪಿನ್ನಿನ ಒಳಭಾಗ ಮೈನಸ್ ಆಗಿತ್ತು, ಉಳಿದ ಡಿಸಿ ಅಡಾಪ್ಟರುಗಳಲ್ಲೆಲ್ಲ ಒಳಭಾಗ ಪ್ಲಸ್. ಒಂದು ಮಗಳ ಹಳೆಯ ಕೀಬೋರ್ಡಿನದು, ಇನ್ನೊಂದು ಗಿಟಾರಿನ ಪೆಡಲಿನದು. ಎರಡೂ 9 ವೋಲ್ಟ್, ಪಿನ್ ಮಾತ್ರ ಅದೇ 5.5 ಮಿಲಿಮೀಟರ್. ಇವುಗಳನ್ನು ರೂಟರಿಗೆ ಚುಚ್ಚಿದ್ದರೆ ವೋಲ್ಟ್ ಕಡಿಮೆಯಿದ್ದರೂ ಕರೆಂಟ್ ಉಲ್ಟಾ ಹರಿಯುತ್ತಿತ್ತು. ಚೀಟಿಯ ಮೇಲೆ ಎರಡು ವೃತ್ತಗಳ ನಡುವಿನ ಚುಕ್ಕೆಗೆ ಪ್ಲಸ್ ಸೇರಿದೆಯೋ ಮೈನಸ್ ಸೇರಿದೆಯೋ ಎಂದು ಚಿತ್ರ ಹಾಕಿರುತ್ತಾರೆ; ನಾನು ಅದನ್ನು ಇಷ್ಟು ವರ್ಷ ಅಲಂಕಾರವೆಂದು ತಿಳಿದಿದ್ದೆ.

ಒಂದು ಅಡಾಪ್ಟರ್ ಸೊನ್ನೆ ತೋರಿಸಿತು. ಸತ್ತಿದೆಯೆಂದು ಕಸದ ಬುಟ್ಟಿಗೆ ಹಾಕಿ, ಚೀಟಿ ಓದಿದಾಗ ಹೊರತೆಗೆದೆ: ಔಟ್‌ಪುಟ್ 9 ವೋಲ್ಟ್ ಎಸಿ. ಬಹಳ ಹಿಂದಿನ ಟೆಲಿಫೋನ್ ಲೈನಿನ ಮೋಡೆಮ್ಮಿನದು. ಮೀಟರನ್ನು ಡಿಸಿಯಲ್ಲಿ ಇಟ್ಟಿದ್ದರಿಂದ ಏನೂ ಕಾಣಿಸಿರಲಿಲ್ಲ.

ಇನ್ನೊಂದು ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೆಯ ಅಡಾಪ್ಟರ್. ಚೀಟಿಯಲ್ಲಿ 9 ವೋಲ್ಟ್, ಮೀಟರಿನಲ್ಲಿ 13.8. ಬಲ್ಬ್ ಸೇರಿಸಿದಾಗ 9ರ ಸಮೀಪಕ್ಕೆ ಇಳಿಯಿತು. ಇವು ಹೊರೆ ಇದ್ದಾಗ ಮಾತ್ರ ಬರೆದ ವೋಲ್ಟ್ ಕೊಡುತ್ತವೆ. ಕಡಿಮೆ ಕರೆಂಟ್ ಎಳೆಯುವ ಹೊಸ ವಸ್ತುವಿಗೆ ಇವನ್ನು ಹಾಕುವುದು ಕ್ಷೇಮವಲ್ಲ.

ಫುಟ್‌ಪಾತಿನಲ್ಲಿ ಹಿಂದೊಮ್ಮೆ ₹120ಕ್ಕೆ ಕೊಂಡಿದ್ದ 12 ವೋಲ್ಟಿನದೊಂದರಲ್ಲಿ ಐಎಸ್ 13252 ಎಂಬ ಗುರುತಾಗಲಿ ಆರ್ ಅಕ್ಷರದಿಂದ ಆರಂಭವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ಬಿಚ್ಚಿ ನೋಡಿದೆ. 230 ವೋಲ್ಟಿನ ಕಡೆಯ ತಾಮ್ರಕ್ಕೂ 12 ವೋಲ್ಟಿನ ಕಡೆಯ ತಾಮ್ರಕ್ಕೂ ನಡುವೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ, ಅಷ್ಟೇ. ನಾನು ರಿಪೇರಿ ಮಾಡಿದ ಅಡಾಪ್ಟರಿನಲ್ಲಿ ಅದೇ ಜಾಗದಲ್ಲಿ ಬೆರಳಗಲದ ಖಾಲಿ ಜಾಗವಿದ್ದು, ಮಧ್ಯೆ ಬೋರ್ಡನ್ನೇ ಸೀಳಿದ್ದರು. ಇದರಲ್ಲಿ ಅಪಾಯವಿರುವುದು ರೂಟರಿಗಷ್ಟೇ ಅಲ್ಲ, ಮುಟ್ಟುವವರಿಗೂ. ವೈರ್ ಕತ್ತರಿಸಿ ಎಸೆದೆ.

ಇದನ್ನೆಲ್ಲ ನೋಡುತ್ತಿದ್ದ ನನ್ನ ಹೆಂಡತಿ, ‘ಹಾಗಾದ್ರೆ ಮಗಳ 67 ವ್ಯಾಟಿನ ಚಾರ್ಜರನ್ನ ನನ್ನ ಫೋನಿಗೆ ಹಾಕಬಾರದಾ?’ ಎಂದಳು. ಹಾಕಬಹುದು. ಟೈಪ್ ಸಿ ಚಾರ್ಜರ್ ಮೊದಲು 5 ವೋಲ್ಟನ್ನಷ್ಟೇ ಕೊಡುತ್ತದೆ; ಫೋನ್ ಕೇಳಿ ಒಪ್ಪಂದವಾದರೆ ಮಾತ್ರ ಮೇಲೆ ಏರುತ್ತದೆ. ದುಂಡು ಪಿನ್ನಿನ ಅಡಾಪ್ಟರ್ ಯಾರನ್ನೂ ಕೇಳದೆ ತನ್ನಲ್ಲಿದ್ದುದನ್ನು ಸುರಿಯುತ್ತದೆ. ಆದರೆ ಆ ಒಪ್ಪಂದ ನಡೆಯುವುದು ಕೇಬಲ್ ಸರಿಯಾಗಿದ್ದಾಗ. 2016ರ ಫೆಬ್ರುವರಿಯಲ್ಲಿ ಟೈಪ್ ಸಿ ಕೇಬಲ್‌ಗಳನ್ನು ಪರೀಕ್ಷಿಸುತ್ತಿದ್ದ ಗೂಗಲ್ ಎಂಜಿನಿಯರ್ ಬೆನ್ಸನ್ ಲೆಯುಂಗ್ ಅವರ ಕ್ರೋಮ್‌ಬುಕ್ ಪಿಕ್ಸೆಲ್ ಲ್ಯಾಪ್‌ಟಾಪ್ ಒಂದೇ ಕೇಬಲ್ಲಿನಿಂದ ಹಾಳಾಯಿತು. ಆ ಕೇಬಲ್ಲಿನಲ್ಲಿ ವಿದ್ಯುತ್ತಿನ ತಂತಿಯೂ ಗ್ರೌಂಡ್ ತಂತಿಯೂ ಅದಲುಬದಲಾಗಿ ಬೆಸೆದುಕೊಂಡಿದ್ದವು. ಪೆನ್‌ಡ್ರೈವಿನಿಂದ ನನ್ನ ಲ್ಯಾಪ್‌ಟಾಪಿಗೂ ಅಂಥದೊಂದು ಗತಿ ಬರುವುದರಲ್ಲಿತ್ತು.

ಖರ್ಚು

ಐಸಿ, ಕೆಪಾಸಿಟರ್, ಬಲ್ಬ್ ಎಲ್ಲ ಸೇರಿ ₹165. ರೈಲು, ಮೆಟ್ರೊ, ಊಟಕ್ಕೆ ₹310. ಪೆನ್‌ಡ್ರೈವಿಗೆ ₹400. ಬಿಐಎಸ್ ಗುರುತಿರುವ ಹೊಸ 12 ವೋಲ್ಟ್, 2 ಆಂಪಿಯರಿನ ಅಡಾಪ್ಟರಿಗೆ ₹350. ಅಡ್ಡ ಮಲಗಿಸಿದ ಕೆಪಾಸಿಟರಿನ ಮೇಲೆ ಹಗಲೂ ರಾತ್ರಿ ನಂಬಿಕೆಯಿಡಲು ಮನಸ್ಸಾಗದೆ ಅದನ್ನು ಕೊಂಡೆ. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ರೂಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಒಟ್ಟು ₹1,225. ನಾಲ್ಕು ವರ್ಷದ ಹಿಂದೆ ₹2,400ಕ್ಕೆ ಕೊಂಡ ರೂಟರಿಗೆ ಇಷ್ಟು ಸುರಿದದ್ದು ಲಾಭವೆಂದು ಹೇಳಲಾರೆ. ಧ್ವನಿಮುದ್ರಣಗಳಲ್ಲಿ ಅಮ್ಮನ ಫೋನಿನಲ್ಲಿದ್ದ ಹನ್ನೊಂದು ಉಳಿದವು, ಮಿಕ್ಕವು ಹೋದವು.

ಜೂನ್ 29, ಭಾನುವಾರ: ಈಗಿನ ಸ್ಥಿತಿ

ರೂಟರ್ ಎರಡು ವಾರದಿಂದ ಒಮ್ಮೆಯೂ ಬೀಳದೆ ನಡೆಯುತ್ತಿದೆ. ಸಂಜೆಯ ಹೊತ್ತಿನಲ್ಲಿ ಯು3ರ ಮೇಲೆ ಬೆರಳಿಟ್ಟು ನೋಡಿದೆ, ಉಗುರುಬೆಚ್ಚಗಿದೆ. ಕಪ್ಪು ಅಡಾಪ್ಟರ್ ಆ ರಾತ್ರಿ ಟಿಕ್ ಟಿಕ್ ಎಂದದ್ದು ಶಾರ್ಟಿನಿಂದ ತನ್ನನ್ನು ಕಾಪಾಡಿಕೊಳ್ಳಲು; ಅಳೆದರೆ ಈಗಲೂ 24.1 ವೋಲ್ಟ್ ಕೊಡುತ್ತದೆ. ಅದರ ದುಂಡು ಪಿನ್ನನ್ನು ಕತ್ತರಿಸಿ, ತಂತಿಗಳ ತುದಿಗೆ ಸ್ಕ್ರೂ ಹಾಕುವ ಹಸಿರು ಕನೆಕ್ಟರ್ ಕೂರಿಸಿದ್ದೇನೆ. ಇನ್ನು ಅದು ಯಾವ ರೂಟರಿಗೂ ಹೋಗದು. ಆರ್‌ಒ ಯಂತ್ರದಲ್ಲಿ ಈಗಿರುವ ಹೊಸ ಅಡಾಪ್ಟರಿನ ಪಿನ್ನೂ ಅದೇ ಅಳತೆಯದು. ವಾರಂಟಿ ಮುಗಿಯದ ಕಾರಣ ಕತ್ತರಿಸಿಲ್ಲ, ಪಿನ್ನಿನ ಹಿಂದೆ ಬಿಳಿ ಟೇಪ್ ಸುತ್ತಿ ಕೆಂಪು ಮಾರ್ಕರಿನಲ್ಲಿ ‘24, ನೀರಿಗೆ ಮಾತ್ರ’ ಎಂದು ಬರೆದಿದ್ದೇನೆ.